ರಾಯದುರ್ಗದ ಜೀನ್ಸ್ ಮಾಲೀಕರಿಗೆ, ಬೂಷ್ಟಿನ ಪರವಾಗಿ



ನೀವು ಹೊಲಿಸಿದ ಪ್ಯಾಂಟು ವಾಷಿಂಗ್‌ಗೆ ಹೋದಾಗ ಅದರ ನೀಲಿ ಮಾಸುವಂತೆ ಮಾಡುವ ಸೆಲ್ಯುಲೇಸ್ ಕಿಣ್ವ ಎಲ್ಲಿ ಹುಟ್ಟುತ್ತದೆ ಗೊತ್ತೇ? ಬಹುಮಟ್ಟಿಗೆ ಬೂಷ್ಟಿನಲ್ಲಿ. ಎರಡನೇ ಮಹಾಯುದ್ಧದ ಕಾಲಕ್ಕೆ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರ ಹತ್ತಿ ಡೇರೆಗಳನ್ನು ತಿಂದು ಜಾಳಾಗಿಸಿದ ಶಿಲೀಂಧ್ರ ಅಂಥದ್ದೊಂದು ಬೂಷ್ಟು. ಸೈನ್ಯದ ಪ್ರಯೋಗಾಲಯದಲ್ಲಿ ಅದರ ಬೆನ್ನು ಹತ್ತಿದವರು ಎಲ್ವಿನ್ ರೀಸ್. ಅವರ ನೆನಪಿಗೇ ಅದು ಟ್ರೈಕೋಡರ್ಮಾ ರೀಸಿ ಆಯಿತು. ಬಟ್ಟೆ ಹಾಳುಮಾಡುತ್ತದೆಂದು ಸೈನ್ಯ ಹೆದರಿದ ಅದೇ ಗುಣವನ್ನು 1980ರ ದಶಕದಿಂದ ಜೀನ್ಸ್ ಉದ್ಯಮ ದುಡ್ಡು ಕೊಟ್ಟು ಕೊಳ್ಳುತ್ತಿದೆ. ಪ್ಯೂಮಿಸ್ ಕಲ್ಲು ಹಾಕಿ ಒಗೆದರೆ ಮೆಷಿನ್ ಸವೆಯುತ್ತದೆ, ಕಲ್ಲಿನ ಪುಡಿ ಚರಂಡಿಗೆ ಸೇರುತ್ತದೆ. ಕಿಣ್ವದಿಂದ ಆ ಕಾಟ ಬಹಳಷ್ಟು ತಪ್ಪುತ್ತದೆ.

ಈ ಕಿಣ್ವವನ್ನು ಇಲ್ಲೇ ಏಕೆ ಮಾಡಿಕೊಳ್ಳಬಾರದು? ಆ ಶಿಲೀಂಧ್ರದ ಮೇವು ನಮ್ಮ ಸುತ್ತಲೇ ಬಿದ್ದಿದೆ. ಕಣೇಕಲ್ಲು, ಬೊಮ್ಮನಹಾಳದ ಕಾಲುವೆ ನೀರಿನಲ್ಲಿ ಬೆಳೆದ ಭತ್ತದ ಹುಲ್ಲು ಮತ್ತು ತೌಡು, ಮಡಕಶಿರಾ ಸೀಮೆಯ ಅಮರಾಪುರ, ಅಗಳಿ ಕಡೆಯ ಅಡಿಕೆ ಸಿಪ್ಪೆ, ಎರಡೂ ಸೀಮೆಯ ಶೇಂಗಾ ಹೊಟ್ಟು. ದನ ತಿನ್ನುವುದನ್ನು ಕೇಳುತ್ತಿಲ್ಲ; ಈ ಬರದ ನಾಡಿನಲ್ಲಿ ಮೇವು ಮೊದಲು ಕೊಟ್ಟಿಗೆಗೇ ಹೋಗಲಿ. ಬೆಂಕಿಗೆ, ರಸ್ತೆಬದಿಗೆ ಹೋಗುವುದು ನಮಗೆ ಸಾಕು.

ಮಾಡುವ ಬಗೆಯೂ ಹಳೆಯದೇ. ಜಪಾನಿನ ರಸಾಯನಶಾಸ್ತ್ರಜ್ಞ ಜೋಕಿಚಿ ತಕಾಮಿನೆ 1894ರಲ್ಲೇ ಗೋಧಿ ತೌಡಿನ ಮೇಲೆ ಶಿಲೀಂಧ್ರ ಬೆಳೆಸಿ ಕಿಣ್ವ ತೆಗೆಯಲು ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳೂ ಹೀಗೆ ತೌಡಿನಂಥ ಗಟ್ಟಿ ಪದಾರ್ಥದ ಮೇಲೆ ಬೆಳೆಸುವ ಘನ ಹುದುಗುವಿಕೆಯ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ. ಹುಲ್ಲು, ತೌಡು ನೆನೆಸಿ, ಹಬೆಯಲ್ಲಿ ಬೇಯಿಸಿ, ತಣಿದ ಮೇಲೆ ಶುದ್ಧ ಶಿಲೀಂಧ್ರದ ಬೀಜ ಕಲಸಿ, ತಟ್ಟೆಗಳಲ್ಲಿ ಹರಡಿ, ಸುಮಾರು 30 ಡಿಗ್ರಿಯಲ್ಲಿ ಕೆಲವು ದಿನ ಬಿಟ್ಟು, ನೀರಿನಲ್ಲಿ ಸಾರ ತೆಗೆದು ಸೋಸುವುದು. ಶೇಂಗಾ ಹೊಟ್ಟು ಮಾತ್ರ ಮೊಂಡು. ಅದರಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಶ ಜಾಸ್ತಿ, ಮೊದಲು ಕ್ಷಾರದಲ್ಲಿ ಸಡಿಲಿಸದೆ ಶಿಲೀಂಧ್ರಕ್ಕೆ ಬಗ್ಗದು. ಹಾಗಾಗಿ ಭತ್ತದ ಹುಲ್ಲಿನಿಂದ ಶುರುಮಾಡುವುದೇ ಲೇಸು.

ಕಷ್ಟಗಳನ್ನು ಮುಚ್ಚಿಡುವುದಿಲ್ಲ. ನಮ್ಮ ಒಣಹವೆಯಲ್ಲಿ ತಟ್ಟೆ ಬೇಗ ಆರುತ್ತದೆ, ಆದರೆ ತೇವ ಉಳಿಯಲೇಬೇಕು. ಬ್ಯಾಚಿನಿಂದ ಬ್ಯಾಚಿಗೆ ಕಿಣ್ವದ ಬಲ ಏರುಪೇರಾದರೆ ಪ್ಯಾಂಟಿನ ದಾರವೇ ಸೋಲುತ್ತದೆ, ಆದ್ದರಿಂದ ಪ್ರತಿ ಬ್ಯಾಚನ್ನೂ ಅಳೆಯಬೇಕು. ಮನೆಯ ಮೂಲೆಯಲ್ಲಿ ಸಿಕ್ಕ ಬೂಷ್ಟನ್ನು ಬೆಳೆಸುವುದಂತೂ ಕೂಡದು. ಕೆಟ್ಟ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ತುಂಬುವುದೂ ಒಂದು ಬೂಷ್ಟೇ, ಆಸ್ಪರ್ಜಿಲಸ್ ಫ್ಲೇವಸ್. ಶಿಲೀಂಧ್ರದ ಬೀಜ ಪ್ರಯೋಗಾಲಯದಿಂದಲೇ ಬರಬೇಕು, ಕೆಲಸಗಾರರಿಗೆ ಮುಖಗವಸು ಇರಬೇಕು.

ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿ ವಿಜ್ಞಾನದ ವಿಭಾಗವಿದೆ. ನೀವು ನಾಲ್ಕಾರು ಮಾಲೀಕರು ಒಟ್ಟಾಗಿ ಅಲ್ಲಿ ಕೇಳಿ. ಒಂದು ಸಲದ ವಾಷಿಂಗ್‌ಗೆ ಆಗುವಷ್ಟು ಕಿಣ್ವವನ್ನು ನಮ್ಮ ಹುಲ್ಲಿನಿಂದ ಮಾಡಿಸಿ, ಈಗ ಕೊಳ್ಳುವ ಪುಡಿಯ ಪಕ್ಕದಲ್ಲಿಟ್ಟು ಬಣ್ಣ, ಬಟ್ಟೆಯ ಗಟ್ಟಿತನ, ಖರ್ಚು ಮೂರನ್ನೂ ಹೋಲಿಸಿ ನೋಡಿ. ಹುಲ್ಲು ಹೊಂದಿಸಿ ಕಳಿಸುವ ಹೊಣೆ ರೈತರಾದ ನಮ್ಮದು. ಯಾರು ಯಾರು ಸೇರುತ್ತೀರಿ, ಹೇಳಿ.