ಕಡಲ ನೋಟವೂ ಕರಿಮೀನಿನ ಮುಳ್ಳೂ

ಎರ್ನಾಕುಲದ ಗದ್ದಲಕ್ಕೆ ಬೇಸತ್ತ ಸದ್ಗೃಹಸ್ಥರು ಸಾಯಂಕಾಲ ದೋಣಿಯೇರಿ ಫೋರ್ಟ್ ಕೊಚ್ಚಿಯ ದಡಕ್ಕೆ ಬರುವುದು ಪ್ರಕೃತಿಸೌಂದರ್ಯವನ್ನು ಸವಿಯಲೆಂದು ಹೇಳಿಕೊಳ್ಳುವುದುಂಟಾದರೂ, ಅವರ ನಾಸಿಕ ಮಾತ್ರ ಭೋಜನಶಾಲೆಯ ದಿಕ್ಕನ್ನೇ ಹಿಡಿದಿರುತ್ತದೆ. ದಡದ ಚೀನಾಬಲೆಗಳ ವೈಭವವನ್ನು ನೋಡಿಯೇ ತಿಳಿಯಬೇಕು: ಹಗ್ಗಗಳಿಗೆ ಕಟ್ಟಿದ ಬಂಡೆಗಲ್ಲುಗಳ ಭಾರದಿಂದ ತೂಗುವ ಆ ಮಹಾಯಂತ್ರವನ್ನು ನಾಲ್ಕಾರು ಮಂದಿ ಬೆವರಿಳಿಸಿ ಜಗ್ಗಿ ಮೇಲೆತ್ತಿದಾಗ, ನಡುವೆ ಬೆರಳುದ್ದದ ಕೆಲವೇ ಮೀನುಗಳು ಹೊರಳಾಡುತ್ತಿರುವುದೂ, ಅವನ್ನು ಕಾಗೆ, ಬೆಕ್ಕು, ಪ್ರವಾಸಿ ಎಂಬ ತ್ರಿಮೂರ್ತಿಗಳು ಸಮಾನಶ್ರದ್ಧೆಯಿಂದ ನಿರೀಕ್ಷಿಸುತ್ತಿರುವುದೂ ಕಾಣುತ್ತದೆ.

1524ರಲ್ಲಿ ಇದೇ ಊರಿನಲ್ಲಿ ಮಡಿದ ವಾಸ್ಕೋ ಡ ಗಾಮನನ್ನು ಕಡಲು ದಾಟಿಸಿದ ಕರಿಮೆಣಸಿನ ಮಸಾಲೆಯನ್ನು ಹಚ್ಚಿ, ಬಾಳೆಯೆಲೆಯಲ್ಲಿ ಸುತ್ತಿ, ಕಾವಲಿಯ ಮೇಲೆ ಬೇಯಿಸಿದ ಕರಿಮೀನು ಎದುರಿಗೆ ಬಂದಿತೆಂದರೆ ಸೌಂದರ್ಯೋಪಾಸನೆಗೆ ವಿಘ್ನ ಒದಗಿತೆಂದೇ ತಿಳಿಯತಕ್ಕದ್ದು. ಏಕೆಂದರೆ ಅದರ ಸಣ್ಣ ಮುಳ್ಳುಗಳನ್ನು ಬಿಡಿಸಲು ಯೋಗಿಗಳಿಗೆ ಸಲ್ಲುವ ಏಕಾಗ್ರತೆ ಬೇಕು, ಸೂರ್ಯಾಸ್ತಕ್ಕೆಂದು ತಲೆಯೆತ್ತಿದವನ ಗಂಟಲಿಗೆ ಮುಳ್ಳು ಸಿಕ್ಕುವುದು ನಿಶ್ಚಯ. ಆದಕಾರಣ ನೀರಿನಂಚಿನ ಕುರ್ಚಿಗಾಗಿ ಕಾದಾಡಿ ಗೆದ್ದ ಮಹಾಶಯರು ಆದ್ಯಂತವಾಗಿ ತಟ್ಟೆಯನ್ನೇ ದರ್ಶಿಸುತ್ತ, ಪಶ್ಚಿಮ ದಿಗಂತದ ಸಕಲ ವರ್ಣವೈಭವವನ್ನೂ ಗೋಡೆಯ ಪಕ್ಕದಲ್ಲಿ ಕುಳಿತ ಮೊಸರನ್ನದ ಮಿತ್ರನಿಗೆ ಬಿಟ್ಟುಕೊಡುತ್ತಾರೆ. ಬಿಲ್ಲು ಬಂದಾಗ ಮಾತ್ರ, ನೋಟವೆಲ್ಲ ಅವನ ಪಾಲಿಗೇ ಬಂದುದರಿಂದ, ಸಮಪಾಲು ಕೊಡುವುದೇ ನ್ಯಾಯವೆಂದು ಅವನಿಗೆ ಸವಿನಯವಾಗಿ ಸೂಚಿಸಲಾಗುತ್ತದೆ.