ಮಾರದ ಮಹಾನುಭಾವರಿಗೆ ಒಂದು ಅಭಿನಂದನಾ ಪತ್ರ

ಲಾಸ್ ಏಂಜಲೀಸ್ ಏಂಜಲ್ಸ್ ಬೇಸ್‌ಬಾಲ್ ತಂಡದ ಒಡೆಯರಾದ ಶ್ರೀಮಾನ್ ಆರ್ಟೆ ಮೊರೆನೊ ಅವರ ಸನ್ನಿಧಿಗೆ,



ಮೇಜರ್ ಲೀಗ್‌ನಲ್ಲಿ ಆರು ವರ್ಷ ಪೂರೈಸಿದ ಆಟಗಾರ, ಒಪ್ಪಂದ ಮುಗಿದೊಡನೆ ಫ್ರೀ ಏಜೆಂಟ್ ಆಗಿ ತನಗಿಷ್ಟವಾದ ತಂಡ ಸೇರಬಹುದು ಎಂಬ ಹಾಳು ನಿಯಮವೊಂದು ತಮ್ಮ ದೇಶದಲ್ಲಿದೆ. ಹಾಗಾಗಿ ಅಲ್ಲಿನ ಮಾಲೀಕರಿಗೆ ಪ್ರತಿ ಬೇಸಿಗೆಯಲ್ಲೂ ಅದೇ ತಲೆಬಿಸಿ: ಹೊರಟು ನಿಂತ ತಾರೆಯನ್ನು ಮೊದಲೇ ಬೇರೆ ತಂಡಕ್ಕೆ ಕೊಟ್ಟು ಎಳೆಯ ಆಟಗಾರರನ್ನು ಪಡೆಯುವುದೋ, ಕೊನೆಯ ಪಂದ್ಯದವರೆಗೂ ಇಟ್ಟುಕೊಂಡು ಬೀಳ್ಕೊಡುವುದೋ? ಪಿಚಿಂಗ್, ಬ್ಯಾಟಿಂಗ್ ಎರಡರಲ್ಲೂ ಮಿಂಚುವ ತಮ್ಮ ತಾರೆ ಶೊಹೆ ಓಟಾನಿಯ ವಿಷಯದಲ್ಲಿ ತಾವು ಮೂರನೆಯ ದಾರಿಯೊಂದನ್ನು ಶೋಧಿಸಿದಿರಿ. ಅದಕ್ಕೇ ಈ ಅಭಿನಂದನೆ.

ನಿಜ ಹೇಳಬೇಕೆಂದರೆ ಮಾರಲು ಒಳ್ಳೆಯ ಕಾಲ 2022ರ ಬೇಸಿಗೆ. ತಂಡ ಸತತ 14 ಪಂದ್ಯ ಸೋತು ಆಗಲೇ ಮಲಗಿತ್ತು. ಓಟಾನಿಯನ್ನು ಕೊಂಡವರಿಗೆ ಇನ್ನೂ ಒಂದು ಇಡೀ ಋತು ಸಿಗುತ್ತಿತ್ತು, ಬೆಲೆಯೂ ಹಾಗೇ ಬರುತ್ತಿತ್ತು. ತಾವು ಅವರನ್ನು ಮಾರಲಿಲ್ಲ. ಆ ಆಗಸ್ಟ್‌ನಲ್ಲಿ ಮಾರಲು ಹೊರಟದ್ದು ಇಡೀ ತಂಡವನ್ನು! ಮುಂದಿನ ಜನವರಿಯಲ್ಲಿ ಮನಸ್ಸು ಬದಲಾಗಿ ಅದನ್ನೂ ಮಾರಲಿಲ್ಲ. ಒಟ್ಟಿನಲ್ಲಿ ಮಾರದಿರುವುದು ತಮ್ಮ ಸ್ವಭಾವ.

ಓಟಾನಿಯ ಒಪ್ಪಂದ ಮುಗಿಯಲಿದ್ದ 2023ರ ಜುಲೈ ಕೊನೆಗೆ ಇಡೀ ಅಮೆರಿಕ ತಮ್ಮ ಬಾಗಿಲು ಕಾಯುತ್ತಿತ್ತು. ಓಟಾನಿಯನ್ನು ಬಿಡುವುದಿಲ್ಲ ಎಂಬ ಸುದ್ದಿ ಬಂದದ್ದು 26ರಂದು. ಮಾರನೆಯ ದಿನ ಡೆಟ್ರಾಯಿಟ್‌ನಲ್ಲಿ ಎರಡು ಪಂದ್ಯ. ಮೊದಲನೆಯದರಲ್ಲಿ ಆತ ಪೂರ್ತಿ ಒಬ್ಬರೇ ಪಿಚ್ ಮಾಡಿ ಎದುರಾಳಿಗೆ ಒಂದೇ ಒಂದು ಹಿಟ್ ಕೊಟ್ಟರು, ರನ್ ಕೊಡಲೇ ಇಲ್ಲ. ಎರಡನೆಯದರಲ್ಲಿ ಬ್ಯಾಟ್ ಹಿಡಿದು ಎರಡು ಹೋಮ್ ರನ್ ಹೊಡೆದರು. ಇಂಥವರನ್ನು ಮಾರಿ ಎನ್ನಲು ಯಾರಿಗೆ ಬಾಯಿ ಬರುತ್ತದೆ? ನನಗಂತೂ ಆ ದಿನ ಬರುತ್ತಿರಲಿಲ್ಲ.

ಆದರೆ 2014ರ ನಂತರ ಪ್ಲೇಆಫ್ ಮುಖ ಕಾಣದ ತಂಡಕ್ಕೆ ಓಟಾನಿ ಒಬ್ಬರೇ ಸಾಲರು ಎಂದು ತಮಗೆ ಹೊಳೆಯಿತು. ಚಿಕಾಗೊ ವೈಟ್ ಸಾಕ್ಸ್‌ಗೆ ಕ್ಯಾಚರ್ ಎಡ್ಗರ್ ಕೆರೊ ಮತ್ತು ಪಿಚರ್ ಕೈ ಬುಶ್ ಎಂಬ ಇಬ್ಬರು ಭರವಸೆಯ ಹುಡುಗರನ್ನು ಕೊಟ್ಟು ಲೂಕಸ್ ಜಿಯೊಲಿಟೊ, ರೆನಾಲ್ಡೊ ಲೋಪೆಜ್ ಅವರನ್ನು ತಂದಿರಿ. ಆಗಸ್ಟ್‌ನ ಮೊದಲ ಏಳು ಪಂದ್ಯಗಳನ್ನೂ ತಂಡ ಸೋತಿತು. ಜಿಯೊಲಿಟೊ ಆರು ಪಂದ್ಯಗಳಲ್ಲಿ ಪಿಚ್ ಆರಂಭಿಸಿ ಒಂದು ಗೆದ್ದರು, ಐದು ಸೋತರು. 23ರಂದು ಓಟಾನಿಯ ಬಲ ಮೊಣಕೈಯ ಅಸ್ಥಿರಜ್ಜು ಹರಿಯಿತು.

ತಮ್ಮ ಪ್ರತಿಭೆ ನಿಜವಾಗಿ ಬೆಳಗಿದ್ದು ಇಲ್ಲಿಯೇ. ತಿಂಗಳ ಹಿಂದೆ ತಂದ ಆ ಇಬ್ಬರ ಜೊತೆ ಇನ್ನೂ ನಾಲ್ವರನ್ನು ಸೇರಿಸಿ, ಬೇಕಾದವರು ಸಂಬಳ ಕೊಟ್ಟು ಕರೆದೊಯ್ಯಿರಿ ಎಂದು ಬಾಗಿಲಾಚೆ ನಿಲ್ಲಿಸಿದಿರಿ. ಕ್ಲೀವ್‌ಲ್ಯಾಂಡ್‌ನವರು ಬಂದು ಮೂವರನ್ನು ಬಿಟ್ಟಿಯಾಗಿ ಎತ್ತಿಕೊಂಡು ಹೋದರು. ಅಡಿಕೆಗೆ ರೇಟು ಬರಲಿ ಎಂದು ಮಳೆಗಾಲವಿಡೀ ಮಂಡಿಯಲ್ಲಿಟ್ಟು, ಬೂಷ್ಟು ಹಿಡಿದ ಮೇಲೆ ಬಾಡಿಗೆ ಉಳಿಸಲು ಚೀಲವನ್ನು ಬೀದಿಗಿಟ್ಟ ಹಾಗೆ! ಆ ವರ್ಷ ತಂಡದ ಸಂಬಳದ ಮೊತ್ತ 23.3 ಕೋಟಿ ಡಾಲರ್ ದಾಟಿದ್ದರೆ ಐಷಾರಾಮಿ ತೆರಿಗೆ ಬೀಳುತ್ತಿತ್ತು. ತಾವು ಕೂದಲೆಳೆಯಷ್ಟು ಅಂತರದಲ್ಲಿ ಕೆಳಗುಳಿದಿರಿ. ಆ ಋತುವಿನ ಗೆಲುವುಗಳಲ್ಲಿ ಇದನ್ನೂ ಸೇರಿಸಬೇಕು. ಮೈದಾನದ ಲೆಕ್ಕ 73 ಗೆಲುವು, 89 ಸೋಲು. 2022ರಲ್ಲಿಯೂ ಅಷ್ಟೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಡಿಸೆಂಬರ್‌ನಲ್ಲಿ ಓಟಾನಿ ಸುಮಾರು 50 ಕಿಲೋಮೀಟರ್ ದೂರದ ಡಾಡ್ಜರ್ಸ್‌ಗೆ ಹೋದರು. ಹತ್ತು ವರ್ಷ, 70 ಕೋಟಿ ಡಾಲರ್. ಅದರಲ್ಲಿ 68 ಕೋಟಿಯನ್ನು 2034ರಿಂದ ಕೊಟ್ಟರಾಯಿತು. ಇದೇ ಒಪ್ಪಂದ ತಮ್ಮ ಮುಂದೆಯೂ ಬಂದಿತ್ತು, ತಾವು ಬೇಡವೆಂದಿರಿ ಎಂದು ಪತ್ರಿಕೆಗಳು ಬರೆದವು. ಮಾರಲೂ ಇಲ್ಲ, ಕೊಳ್ಳಲೂ ಇಲ್ಲ! ಪರಿಹಾರವಾಗಿ, ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ 74ನೆಯ ಆಯ್ಕೆ ಸಿಕ್ಕಿತು. ಆತ 2024ರಲ್ಲಿ, 2025ರಲ್ಲಿ ಎರಡು ವಿಶ್ವ ಸರಣಿ ಗೆದ್ದರು. ತಾವು 2024ರಲ್ಲಿ 99 ಪಂದ್ಯ ಸೋತು ತಂಡದ ಇತಿಹಾಸದಲ್ಲೇ ದಾಖಲೆ ಬರೆದಿರಿ.

ಮಾರಿದವರೆಲ್ಲ ಉದ್ಧಾರವಾದರು ಎಂದೇನೂ ನಾನು ವಾದಿಸುವುದಿಲ್ಲ. ವಾಷಿಂಗ್ಟನ್ ನ್ಯಾಷನಲ್ಸ್ 2022ರಲ್ಲಿ, 44 ಕೋಟಿ ಡಾಲರ್ ಒಲ್ಲೆನೆಂದ ಹುವಾನ್ ಸೋಟೊನನ್ನು, ಆತ ಫ್ರೀ ಏಜೆಂಟ್ ಆಗುವ ಎರಡು ವರ್ಷಕ್ಕೂ ಮೊದಲೇ ಮಾರಿತು. ಬದಲಿಗೆ ಬಂದ ಅಬ್ರಾಮ್ಸ್, ಗೋರ್, ವುಡ್ ಮೂವರೂ ಆಲ್-ಸ್ಟಾರ್ ಆದರು. ಆದರೂ 2025ರಲ್ಲಿ ತಂಡ 96 ಪಂದ್ಯ ಸೋತಿತು. ಆದರೆ ಅವರು ಸೋಲುವಾಗ ನೋಡಲು ಮೂವರು ಹುಡುಗರಾದರೂ ಇದ್ದರು. ಉಳಿಸಿಕೊಳ್ಳುವುದಾದರೆ ಹಣ ತೆಗೆಯಬೇಕು, ಬಿಡುವುದಾದರೆ ಬೇಗ ಬಿಡಬೇಕು. ತಾವು ಎರಡನ್ನೂ ಅರ್ಧರ್ಧ ಮಾಡಿದಿರಿ.

ಇರಲಿ. ತಮ್ಮ ಇನ್ನೊಬ್ಬ ತಾರೆ ಮೈಕ್ ಟ್ರೌಟ್ ಅವರ ಒಪ್ಪಂದ 2030ರವರೆಗಿದೆ, ಅವರು ಒಪ್ಪದೆ ಎಲ್ಲಿಗೂ ಕಳಿಸುವಂತಿಲ್ಲ. ಆ ಚಿಂತೆ ತಮಗಿಲ್ಲ. 2003ರಲ್ಲಿ ತಂಡ ಕೊಂಡ ಹೊಸತರಲ್ಲಿ ತಾವು ಕ್ರೀಡಾಂಗಣದ ಬಿಯರ್ ಬೆಲೆ ಇಳಿಸಿ ಜನರ ಮನ ಗೆದ್ದಿದ್ದಿರಿ. ಅದನ್ನು ಇನ್ನೊಮ್ಮೆ ಇಳಿಸಿ ಸ್ವಾಮಿ, ಪ್ರೇಕ್ಷಕರಿಗೆ ಈಗ ಅದರ ಅಗತ್ಯ ಹೆಚ್ಚು.

ಇಂತಿ ತಮ್ಮ ಅಭಿಮಾನಿ