ಒಂಚೂರು ಹಾಕಿ, ಗೊತ್ತಾಗುತ್ತೆ

ಪ್ರತಿ ಬೀದಿಯಲ್ಲೂ ಒಬ್ಬರಿರುತ್ತಾರೆ. ಅವರ ಮನೆಯ ಸಾರು ಕುದಿಯತೊಡಗಿದರೆ ಪಕ್ಕದ ಮನೆಯವರಿಗೆ ತಮ್ಮ ಅಡುಗೆಯ ಮೇಲೆ ಬೇಸರ ಬರಬೇಕು, ಅಂಥ ಕೈ. ಮಾಡುವುದು ಹೇಗೆಂದು ಕೇಳಿದರೆ ಖುಷಿಯಿಂದಲೇ ಹೇಳುತ್ತಾರೆ. ಬೇಳೆ ಎಷ್ಟು? "ಬೇಕಾದಷ್ಟು." ಹುಣಸೆಹಣ್ಣು? "ನಿಂಬೆಹಣ್ಣಿನ ಗಾತ್ರ." ದೊಡ್ಡ ನಿಂಬೆಹಣ್ಣೋ ಚಿಕ್ಕದೋ? "ನಿಂಬೆಹಣ್ಣಿನಷ್ಟು ಕಣೇ!" ಸಾರಿನ ಪುಡಿ? "ಒಂಚೂರು." ಕುದಿಸುವುದು ಎಷ್ಟು ಹೊತ್ತು? "ಘಮ್ ಅನ್ನೋವರೆಗೆ." ಇನ್ನೂ ಕೆದಕಿದರೆ, "ಹಾಕ್ತಾ ಹೋಗು, ಗೊತ್ತಾಗುತ್ತೆ." ಪೆನ್ನು ಹಿಡಿದು ಕೂತ ಸೊಸೆಯ ಕಾಗದದ ಮೇಲೆ ಕೊನೆಗೆ ಉಳಿಯುವ ಅಂಕಿ ಒಂದೇ ಒಂದು: ಕುಕ್ಕರ್ ಮೂರು ಸಲ ಕೂಗಬೇಕು. ಅದೂ ನೆಚ್ಚುವಂಥದ್ದಲ್ಲ. ಉರಿ ಜೋರಾಗಿದ್ದರೆ ಕುಕ್ಕರ್ ಬೇಳೆ ಬೇಯುವ ಮೊದಲೇ ಮೂರು ಸಲ ಕೂಗಿ ಕೈತೊಳೆದುಕೊಳ್ಳುತ್ತದೆ. ಸಣ್ಣಗಿದ್ದರೆ ಬೇಳೆ ಕರಗಿದರೂ ಬಾಯಿ ಬಿಡುವುದಿಲ್ಲ. ಏನನ್ನೂ ಅಂಕಿಯಲ್ಲಿ ಹೇಳದವರು ಅಂಕಿಯಲ್ಲಿ ಹೇಳಿದ್ದು ಇದೊಂದನ್ನೇ, ಇಡೀ ಅಡುಗೆಯಲ್ಲಿ ಇದರಷ್ಟು ಅಂದಾಜಿನದು ಬೇರೊಂದಿಲ್ಲ. ಇವರನ್ನು ಕಣ್ಣಂದಾಜಿನವರು ಎನ್ನೋಣ.

ಇವರ ಮೇಲೆ ಎರಡು ಆರೋಪಗಳಿವೆ. ಒಂದು, ಇವರಿಗೇ ಸರಿಯಾಗಿ ಗೊತ್ತಿಲ್ಲ, ಅದೃಷ್ಟದ ಮೇಲೆ ಅಡುಗೆ ನಡೆಯುತ್ತಿದೆ. ಇನ್ನೊಂದು, ಎಲ್ಲ ಗೊತ್ತು, ಹೇಳಲು ಮನಸ್ಸಿಲ್ಲ. ಎರಡನೆಯದರಲ್ಲಿ ಹುರುಳೇ ಇಲ್ಲವೆನ್ನಲಾಗದು. ಕೊತ್ತಂಬರಿ ಬೀಜದ ಜೊತೆ ಹುರಿಯಬೇಕಾದ ಮೆಂತ್ಯವನ್ನು ಹೇಳಲು ಮರೆಯುವವರು, ಯಾರು ಕೇಳಿದರೂ ಅದೊಂದನ್ನೇ ಮರೆಯುವವರು, ಕೆಲವರಿದ್ದಾರೆ. ಅವರನ್ನು ಸಮರ್ಥಿಸುವುದು ಈ ಲೇಖನದ ಕೆಲಸವಲ್ಲ. ಹೆಚ್ಚಿನವರು ಹಾಗಲ್ಲ; ಅವರು ಹೇಳಬೇಕೆಂದೇ ಒದ್ದಾಡುತ್ತಾರೆ. ತೊಂದರೆಯಿರುವುದು ನಮ್ಮ ಪ್ರಶ್ನೆಯಲ್ಲಿ. ಎಷ್ಟು ಹಾಕಬೇಕೆಂದು ನಾವು ಕೇಳುತ್ತೇವೆ. ಅವರು ಹದ ಎಲ್ಲಿಗೆ ಬಂತೆಂದು ನೋಡುತ್ತಿರುತ್ತಾರೆ. ಅಡುಗೆಮನೆಯ ಸಾಮಾನುಗಳ ನಡತೆ ಬಲ್ಲವರು ನೋಡಬೇಕಾದ್ದೂ ಅದನ್ನೇ.

ಅಕ್ಕಿಯನ್ನೇ ತೆಗೆದುಕೊಳ್ಳಿ. ಹೊಸ ಅಕ್ಕಿಗೆ ನೀರು ಕಡಿಮೆ ಸಾಕು, ಮೀರಿದರೆ ಮುದ್ದೆ. ವರ್ಷ ಕಳೆದ ಅಕ್ಕಿ ಮತ್ತಷ್ಟು ನೀರು ಕುಡಿದು ಉದುರುದುರಾಗಿ ಅರಳುತ್ತದೆ. 'ಒಂದಕ್ಕೆ ಎರಡು' ಎಂದು ಪುಸ್ತಕದಲ್ಲಿ ಬರೆದವರು ಅಕ್ಕಿಯ ವಯಸ್ಸು ವಿಚಾರಿಸಿರುವುದಿಲ್ಲ. ಹುಣಸೆಹಣ್ಣು ಹೊಸತಿದ್ದಾಗ ಒಂದು ರುಚಿ, ಡಬ್ಬಿಯ ತಳದಲ್ಲಿ ಕೂತು ಕಪ್ಪಾದ ಮೇಲೆ ಇನ್ನೊಂದು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಧಾರಾಳಿ, ಖಾರಕ್ಕೆ ಸಾಧು. ಅದೇ ಎಣಿಕೆಯಲ್ಲಿ ಗುಂಟೂರಿನದನ್ನು ಹಾಕಿದರೆ ಉಣ್ಣಲು ಕೂತವರು ಎಲೆ ಬಿಟ್ಟು ನೀರಿನ ಚೊಂಬಿಗೆ ಕೈ ಹಾಕುತ್ತಾರೆ. ಒಂದು ಚಮಚ ಕಲ್ಲುಪ್ಪಿನಲ್ಲಿ ಹರಳುಗಳ ಸಂದಿಯ ಗಾಳಿಯೂ ಸೇರಿರುತ್ತದೆ, ಒಂದು ಚಮಚ ಪುಡಿಯುಪ್ಪಿನಲ್ಲಿ ಆ ಗಾಳಿ ಕಡಿಮೆ, ಉಪ್ಪು ಹೆಚ್ಚು. ಇನ್ನು ಇಡ್ಲಿ ಹಿಟ್ಟು. ಮಂಗಳೂರಿನಲ್ಲಿ ರಾತ್ರಿ ರುಬ್ಬಿಟ್ಟದ್ದು ಬೆಳಗಿನ ಜಾವಕ್ಕೇ ಪಾತ್ರೆ ಮೀರಿ ಕಟ್ಟೆಗೆ ಇಳಿದಿರುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಅದೇ ಹಿಟ್ಟು ಎಂಟು ಗಂಟೆಯಾದರೂ ಏಳುವುದಿಲ್ಲ, ಮನೆಯ ಮಕ್ಕಳ ಹಾಗೆ. ಹಿಟ್ಟನ್ನು ಹುಳಿಬರಿಸುವ ಸೂಕ್ಷ್ಮಜೀವಿಗಳಿಗೆ ಗಡಿಯಾರ ನೋಡಲು ಬಾರದು, ಗೊತ್ತಿರುವುದು ಸೆಕೆ ಮಾತ್ರ. ಇಷ್ಟೆಲ್ಲ ದಿನಕ್ಕೊಂದು ವೇಷ ಹಾಕುವ ಸಾಮಾನುಗಳನ್ನಿಟ್ಟುಕೊಂಡು 'ಎರಡು ಚಮಚ, ಎಂಟು ಗಂಟೆ' ಎಂದು ಖಡಾಖಂಡಿತವಾಗಿ ಹೇಳುವವರನ್ನೇ ಅನುಮಾನಿಸಬೇಕು. "ನೋಡ್ಕೊಂಡು ಹಾಕು" ಎನ್ನುವುದು ತಪ್ಪಿಸಿಕೊಳ್ಳುವ ಮಾತಾಗಿ ಕೇಳಿಸುತ್ತದೆ, ಆದರೆ ಪ್ರಾಮಾಣಿಕವಾದ ಉತ್ತರ ಅದೊಂದೇ.

ಥರ್ಮಾಮೀಟರ್ ಇದೆಯಲ್ಲ, ತಕ್ಕಡಿ ಇದೆಯಲ್ಲ ಎಂದು ವಿದ್ಯಾವಂತರು ಕೇಳಬಹುದು. ಸಕ್ಕರೆ ಪಾಕದ ಕಥೆ ಕೇಳಲಿ. ಕಣ್ಣಂದಾಜಿನವರು ಎರಡು ಬೆರಳಿನ ನಡುವೆ ಪಾಕ ಹಿಡಿದು ಎಳೆ ನೋಡುತ್ತಾರೆ. ಒಂದೆಳೆ ಬಂದರೆ ಒಂದು ತಿಂಡಿ, ಅದು ದಾಟಿದರೆ ಬೇರೆ ತಿಂಡಿ, ಮತ್ತೂ ದಾಟಿದರೆ ಸುತ್ತಿಗೆ ಬೇಕಾಗುವ ತಿಂಡಿ. ಥರ್ಮಾಮೀಟರಿನವರು ಪುಸ್ತಕದಲ್ಲಿರುವ ಡಿಗ್ರಿ ಬರಲೆಂದು ಕಾಯುತ್ತಾರೆ. ಆದರೆ ಆ ಡಿಗ್ರಿ ಸಮುದ್ರಮಟ್ಟದ್ದು. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಪಾಕದ ಹದವೂ ಪುಸ್ತಕದ ಅಂಕಿಗಿಂತ ಅಷ್ಟೇ ಕೆಳಗೆ ಕೂಡಿಬರುತ್ತದೆ. ಅಂಕಿಗಾಗಿ ಕಾದವರ ಪಾಕ ಹದ ಮೀರಿರುತ್ತದೆ, ಬೆರಳು ನೋಡಿದವರದು ಮಂಗಳೂರಾದರೂ ಮಡಿಕೇರಿಯಾದರೂ ಒಂದೇ ಎಳೆ. ಇದನ್ನೆಲ್ಲ ಹಳೆಯ ಕಾಲದ ಅಂಧಾಭಿಮಾನ ಎನ್ನುವವರು ಪಶ್ಚಿಮದ ಕಡೆಗೂ ನೋಡಬೇಕು. ಚಮಚದ ತಲೆಯನ್ನು ಚಾಕುವಿನಿಂದ ಸವರಿ ಸಮಮಾಡಿ ಅಳೆಯುವ ಶಿಸ್ತನ್ನು ಅಮೆರಿಕದ ಅಡುಗೆಮನೆಗಳಿಗೆ ರೂಢಿ ಮಾಡಿಸಿದ್ದು ಫ್ಯಾನಿ ಫಾರ್ಮರ್ ಅವರ 1896ರ ಬಾಸ್ಟನ್ ಪಾಕಪುಸ್ತಕ. ಅದಕ್ಕೆ ಮುಂಚೆ ಅಲ್ಲಿಯೂ ಪುಸ್ತಕಗಳು ಹೇಳುತ್ತಿದ್ದುದು 'ಮೊಟ್ಟೆ ಗಾತ್ರದ ಬೆಣ್ಣೆ' ಎಂದೇ. ನಮ್ಮ ನಿಂಬೆಹಣ್ಣಿನ ಹುಣಸೆ ನಾಚಿಕೊಳ್ಳಬೇಕಾದ್ದೇನೂ ಇಲ್ಲ.

ಆದರೂ ಒಂದು ಆಕ್ಷೇಪಣೆ ಗಟ್ಟಿಯಾಗಿದೆ. ಇವರ ಕಣ್ಣು ಅಷ್ಟು ನಿಖರವಾಗಿದ್ದರೆ, ಮಗನ ಮನೆಗೆಂದು ಪುಣೆಗೋ ಡಲ್ಲಾಸಿಗೋ ಹೋದಾಗ ಮೊದಲ ವಾರದ ಸಾರು ಯಾಕೆ ಕೆಡುತ್ತದೆ? "ಇಲ್ಲಿ ನೀರೇ ಸರಿಯಿಲ್ಲ" ಎಂಬ ಅವರ ವಿವರಣೆಯನ್ನು ಪೂರ್ತಿ ಒಪ್ಪಬೇಕಿಲ್ಲ. ನಿಜ ಕಾರಣ ಅವರೂ ಗಮನಿಸದೆ ಇರುವಂಥದ್ದು: ಅರ್ಧ ಅಂದಾಜು ಅವರ ಕಣ್ಣಿನಲ್ಲಿಲ್ಲ, ಪಾತ್ರೆಗಳಲ್ಲಿದೆ. ಮೂವತ್ತು ವರ್ಷದಿಂದ ಸಾರು ಕುದಿದದ್ದು ಅದೇ ತಳ ನಸುಬಾಗಿದ ಪಾತ್ರೆಯಲ್ಲಿ. ನೀರು ಹಾಕಿದ್ದು ಅದರ ಒಳಮೈಯಲ್ಲಿ ಬಿದ್ದ ಗೆರೆಯ ತನಕ. ಉಪ್ಪು ತೆಗೆದದ್ದು ಉಪ್ಪಿನ ಜಾಡಿಯಲ್ಲೇ ಬಿದ್ದಿರುವ, ಹಿಡಿ ಮುರಿದ ಮರದ ಚಮಚದಲ್ಲಿ. ಸಾಂಬಾರ ಡಬ್ಬಿಯ ಒಳಗಿನ ಪುಟ್ಟ ಚಮಚವೂ ಮದುವೆಯಾದಾಗ ಬಂದದ್ದೇ. ಅಂದರೆ ತಾವು ಅಳತೆಯೇ ಮಾಡುವುದಿಲ್ಲವೆಂದು ಹೇಳಿಕೊಳ್ಳುವವರು ಒಂದು ಪ್ರಯೋಗಶಾಲೆಯನ್ನೇ ಇಟ್ಟುಕೊಂಡಿರುತ್ತಾರೆ, ಅದರ ಮಾಪಕಗಳ ಮೇಲೆ ಅಂಕಿಯಿಲ್ಲ, ಅಷ್ಟೇ. ಮಗನ ಮನೆಯ ಅಗಲ ಬಾಯಿಯ ಹೊಸ ನಾನ್‌ಸ್ಟಿಕ್ ಪಾತ್ರೆಯಲ್ಲಿ ನೀರು ಬೇಗ ಆವಿಯಾಗುತ್ತದೆ, ಪ್ಲಾಸ್ಟಿಕ್ ಚಮಚ ಎರಡು ಪಟ್ಟು ಉಪ್ಪು ತುಂಬಿಕೊಂಡು ಬರುತ್ತದೆ. ಅನುಭವಸ್ಥರು ಎರಡನೆಯ ಸಲ ಹೋಗುವಾಗ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳಗಳ ನಡುವೆ ತಮ್ಮದೇ ಸೌಟೊಂದನ್ನು ಸೀರೆಯಲ್ಲಿ ಸುತ್ತಿ ಒಯ್ಯುತ್ತಾರೆ. ಸೊಸೆಗೆ ಅದು ಸೆಂಟಿಮೆಂಟ್ ಆಗಿ ಕಾಣುತ್ತದೆ. ಸಾರಿನ ವಿಧಾನ ಬರೆದುಕೊಳ್ಳಲು ಕೂತವಳು ಅತ್ತೆಯ ಬಾಯನ್ನು ಬಿಟ್ಟು ಆ ಪಾತ್ರೆ ಚಮಚಗಳನ್ನು ಅಳೆದಿದ್ದರೆ ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಯುತ್ತಿತ್ತು.

ಕೇಕಿನ ಮುಂದೆ ಮಾತ್ರ ಈ ವಾದ ತಲೆ ತಗ್ಗಿಸಬೇಕು. 2020ರ ಲಾಕ್‌ಡೌನಿನಲ್ಲಿ ಗ್ಯಾಸ್ಕೆಟ್ ಕಳಚಿದ ಕುಕ್ಕರಿನ ತಳಕ್ಕೆ ಉಪ್ಪೋ ಮರಳೋ ಸುರಿದು ಎಷ್ಟೋ ಮನೆಗಳು ಕೇಕ್ ಸುಟ್ಟವು. ಕಣ್ಣಂದಾಜಿನವರೂ ಮೊಮ್ಮಕ್ಕಳ ಒತ್ತಾಯಕ್ಕೆ ಕೈಹಾಕಿದರು. ಸೋಡಾ ಒಂಚೂರು, ಮೊಸರು ಒಂದಿಷ್ಟು. ಉಬ್ಬಿದ್ದು ಮುಚ್ಚಳ ತೆಗೆದೊಡನೆ ಮಧ್ಯಕ್ಕೆ ಕುಸಿದು ಬಾಣಲೆಯ ಆಕಾರಕ್ಕೆ ಬಂತು. ಪುಸ್ತಕ ನೋಡಿ ಮಾಡಿದವರದೂ ಎಲ್ಲ ಸರಿಹೋಯಿತೆಂದಲ್ಲ, 'ಒಂದು ಕಪ್' ಎಂದರೆ ಸುಮಾರು 240 ಮಿಲಿಲೀಟರಿನ ಅಳತೆ ಕಪ್ಪು, ಮನೆಯ ಚಹಾ ಕಪ್ಪು ಅದಕ್ಕಿಂತ ಎಷ್ಟೋ ಚಿಕ್ಕದು. ಆದರೆ ಕೇಕ್ ಸೋಲಿಸುವುದು ಅದು ಶ್ರೇಷ್ಠ ವಿದ್ಯೆ ಎಂಬ ಕಾರಣಕ್ಕಲ್ಲ, ನಡುವೆ ಬಾಯಿ ಹಾಕಲು ಬಿಡುವುದಿಲ್ಲ ಎಂಬ ಕಾರಣಕ್ಕೆ. ಸಾರಿನಲ್ಲಿ ಕೊನೆಯ ಕುದಿಯವರೆಗೂ ಅವಕಾಶವಿದೆ: ಹುಳಿ ಮುಂದಾದರೆ ಬೆಲ್ಲ, ತೆಳ್ಳಗಾದರೆ ಬೇಳೆ, ನೆಂಟರು ಬಂದರೆ ನೀರು. ಒಲೆಯೊಳಗೆ ಸೇರಿದ ಕೇಕಿಗೆ ತಿದ್ದುಪಡಿ ಇಲ್ಲ. ಹೋಗಲಿ, ಅವರು ಸೋಲೊಪ್ಪಿದರೆ? ಕುಸಿದ ಭಾಗವನ್ನು ಪುಡಿಮಾಡಿ ಹಾಲು, ಏಲಕ್ಕಿ ಸೇರಿಸಿ, ಅದಕ್ಕೊಂದು ಹೆಸರಿಟ್ಟು ಬಡಿಸಿದರು. ಮೊಮ್ಮಕ್ಕಳು ಅದನ್ನೇ ಮತ್ತೆ ಮಾಡೆಂದಾಗ, ಮತ್ತೆ ಹೇಗೆ ಮಾಡುವುದೆಂದು ಅವರಿಗೂ ಗೊತ್ತಿರಲಿಲ್ಲ. ಈ ಜಾತಿಯ ನಿಜವಾದ ದೌರ್ಬಲ್ಯ ಅಲ್ಲಿದೆ: ಚೆನ್ನಾದದ್ದು ಎರಡು ಸಲ ಒಂದೇ ರೀತಿ ಚೆನ್ನಾಗುವುದಿಲ್ಲ, ಕೆಟ್ಟದ್ದಕ್ಕೆ ಲೆಕ್ಕಪತ್ರವೂ ಇರುವುದಿಲ್ಲ. ಉಪ್ಪು ಹೆಚ್ಚಾದ ದಿನ ತಪ್ಪು ಉಪ್ಪಿನದು ("ಈ ಸಲದ್ದು ಜಾಸ್ತಿ ಉಪ್ಪಿದೆ"), ಇಲ್ಲವೇ ಹಾಕುವ ಹೊತ್ತಿಗೆ ಸರಿಯಾಗಿ ಬಾಗಿಲು ತಟ್ಟಿದವರದು. ಆಮೇಲೆ ಸಾರಿಗೆ ಬೀಳುವ ಆಲೂಗಡ್ಡೆ ಒಂದಿಷ್ಟು ಸಾರನ್ನು ಹೀರುತ್ತದೆ, ಉಪ್ಪನ್ನಷ್ಟೇ ಆರಿಸಿ ಹೀರುವ ವಿದ್ಯೆ ಅದಕ್ಕಿಲ್ಲ. ಇದನ್ನು ಅವರಿಗೆ ಹೇಳಿ ಪ್ರಯೋಜನವೂ ಇಲ್ಲ.

ಅಳತೆ ಬಾರದ್ದರಿಂದ ಹೀಗೆ ಎಂದು ಇನ್ನೂ ಯಾರಾದರೂ ಅಂದುಕೊಂಡಿದ್ದರೆ ಮದುವೆಮನೆಯ ಅಡುಗೆ ಭಟ್ಟರನ್ನು ನೋಡಲಿ. ಐನೂರು ಎಲೆಗೆ ಬೇಳೆ, ಬೆಲ್ಲ, ತುಪ್ಪ ಎಷ್ಟೆಂದು ಕಿಲೋ ಲೆಕ್ಕದಲ್ಲಿ ಪಟ್ಟಿ ಬರೆದುಕೊಡುತ್ತಾರೆ. ಕೊಪ್ಪರಿಗೆಯ ಮುಂದೆ ನಿಂತಾಗ ಉಪ್ಪು ಬೀಳುವುದು ಮುಷ್ಟಿಯಲ್ಲಿ. ದುಡ್ಡಿನ ಲೆಕ್ಕ ಕಾಗದಕ್ಕೆ, ನಾಲಿಗೆಯ ಲೆಕ್ಕ ಕೈಗೆ. ಮನೆಯ ಕಣ್ಣಂದಾಜಿನವರದೂ ಇದೇ ನಿಯಮ. ತೂಕ-ಅಳತೆಗಳ 1956ರ ಕಾಯಿದೆಯ ನಂತರ ಸೇರು, ಪಾವು ಅಂಗಡಿಗಳಿಂದ ಹೊರಟುಹೋದರೂ ಇವರ ಅಕ್ಕಿ ಡಬ್ಬಿಯಲ್ಲಿ ಪಾವು ಇಂದಿಗೂ ಇದೆ, ಉಣ್ಣುವ ತಲೆಗಳಿಗೆ ಸರಿಯಾಗಿ ಅದು ತುಂಬಿ ಇಳಿಯುತ್ತದೆ. ಹಾಲಿನವನ ಅರ್ಧ ಲೀಟರಿನಲ್ಲಿ ಎರಡು ಚಮಚ ಕಡಿಮೆಯಾದರೆ ಕಾಯಿಸುವ ಮೊದಲೇ ಗೊತ್ತಾಗುತ್ತದೆ. ಹೋದ ಯುಗಾದಿಗೆ ಎದುರುಮನೆಯವರು ಒಂದು ಲೋಟ ಸಕ್ಕರೆ ಕಡ ಒಯ್ದಿದ್ದರಲ್ಲ, ಅದನ್ನು ವಿಚಾರಿಸಿ ನೋಡಿ. ಯಾವ ಲೋಟ, ಯಾವ ದಿನ, ಎಲ್ಲ ಬಾಯಲ್ಲೇ ಇರುತ್ತದೆ. ಕೊಟ್ಟದ್ದು ಗೋಪುರ ಕಟ್ಟಿ, ವಾಪಸು ಬಂದದ್ದು ತಲೆ ಸವರಿ.